ಪದ ಬೇಕು, ನಾಳೆಯೇ: ಬಳಿಯದೆ ತಾನಾಗಿ ಕೂರುವ ಕೋಟಿಂಗ್‌ಗೆ ಕನ್ನಡದಲ್ಲಿ ಏನನ್ನೋಣ?

ಹಾಸನದಿಂದ, ಮಂಗಳವಾರ ಸಂಜೆ 6:40

ಬಳಗಕ್ಕೆ ನಮಸ್ಕಾರ.

ಶನಿವಾರ ನಮ್ಮ ಕಾಲೇಜಿನಲ್ಲಿ ವಿಜ್ಞಾನ ವಸ್ತುಪ್ರದರ್ಶನ. ಸುತ್ತಲ ಹಳ್ಳಿಗಳ ಹೈಸ್ಕೂಲು ಮಕ್ಕಳು ಬರುತ್ತಾರೆ, ಜೊತೆಗೆ ಮನೆಯವರೂ ಬರುತ್ತಾರೆ. ಬೋರ್ಡುಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಐದು ಮುಗಿದಿವೆ. ಆರನೆಯದಕ್ಕೆ ಬಂದು ನಿಂತುಬಿಟ್ಟಿದ್ದೇನೆ. ನಾಳೆ ಬೆಳಿಗ್ಗೆ 11ಕ್ಕೆ ಬಿ.ಎಂ. ರಸ್ತೆಯ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಇಂಗ್ಲಿಷಿನ ತಲೆಬರಹ ‘ಬಯೋಇನ್‌ಸ್ಪೈರ್ಡ್ ಮಾಲಿಕ್ಯುಲರ್ ಕೋಟಿಂಗ್ಸ್ ಫಾರ್ ಎಲೆಕ್ಟ್ರಾನಿಕ್ಸ್ ಅಂಡ್ ಕಾಂಪೊಸಿಟ್ಸ್’. ಪಠ್ಯಪುಸ್ತಕದ ಪದಗಳನ್ನು ಸಾಲಾಗಿ ಇಟ್ಟರೆ ಹೀಗಾಗುತ್ತದೆ: ‘ಎಲೆಕ್ಟ್ರಾನಿಕ್ಸ್ ಮತ್ತು ಸಂಯುಕ್ತ ವಸ್ತುಗಳಿಗೆ ಜೈವಿಕ ಪ್ರೇರಿತ ಅಣು ಲೇಪನಗಳು’. ಇದರಲ್ಲಿ ಒಂದು ಪದವೂ ನನಗೆ ಸಮಾಧಾನ ಕೊಟ್ಟಿಲ್ಲ.

ವಿಷಯ ಇಷ್ಟು. ಕಡಲಿನ ಬಂಡೆಗೆ ಕಚ್ಚಿಕೊಂಡು ಬದುಕುವ ಒಂದು ಬಗೆಯ ಚಿಪ್ಪುಜೀವಿ ಇದೆ, ಇಂಗ್ಲಿಷಿನಲ್ಲಿ ಮಸಲ್. ಅಲೆ ಎಷ್ಟು ಹೊಡೆದರೂ ಅದು ಬಂಡೆ ಬಿಡುವುದಿಲ್ಲ. ನೀರಿನೊಳಗೇ ಹಿಡಿಯುವ ಅಂಟು ಅದರದು. ಆ ಅಂಟಿನ ಪ್ರೋಟೀನಿನಲ್ಲಿ ಡೋಪಾ ಎಂಬ ಅಮೈನೋ ಆಮ್ಲ ಜಾಸ್ತಿ ಇರುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫಿಲಿಪ್ ಮೆಸ್ಸರ್‌ಸ್ಮಿತ್ ಅವರ ತಂಡ ಇದನ್ನು ನೋಡಿ 2007ರಲ್ಲಿ ಒಂದು ಸುಲಭದ ದಾರಿ ತೋರಿಸಿತು. ಒಂದು ಲೀಟರ್ ನೀರಿಗೆ 2 ಗ್ರಾಂ ಡೋಪಮೈನ್, ಅದು ಡೋಪಾವನ್ನು ಹೋಲುವ ವಸ್ತು. ನೀರು ಸ್ವಲ್ಪ ಕ್ಷಾರವಾಗಿರಬೇಕು, ಪಿಎಚ್ 8.5. ಅದರಲ್ಲಿ ಗಾಜು, ಲೋಹ, ಪ್ಲಾಸ್ಟಿಕ್, ಏನನ್ನು ಅದ್ದಿಟ್ಟರೂ ಮೇಲೆ ಕಂದು ಬಣ್ಣದ ತೆಳು ಪದರ ಬರುತ್ತದೆ. ಏನೂ ಅಂಟದ ಟೆಫ್ಲಾನ್ ಮೇಲೂ ಬರುತ್ತದೆ. 24 ಗಂಟೆ ಬಿಟ್ಟರೆ 50 ನ್ಯಾನೋಮೀಟರ್‌ವರೆಗೂ ದಪ್ಪವಾಗುತ್ತದೆ. ಆ ಪದರದ ಮೇಲೆ ಬೆಳ್ಳಿಯನ್ನೋ ತಾಮ್ರವನ್ನೋ ಕೂರಿಸಬಹುದು, ಅದಕ್ಕೇ ಎಲೆಕ್ಟ್ರಾನಿಕ್ಸಿನವರಿಗೆ ಇದು ಬೇಕು. ನುಣ್ಣಗಿರುವ ಕಾರ್ಬನ್ ನಾರಿಗೆ ಈ ಪದರ ಬಂದರೆ ರಾಳ ಚೆನ್ನಾಗಿ ಹಿಡಿಯುತ್ತದೆ, ಅದಕ್ಕೇ ನಾರು, ರಾಳ ಸೇರಿಸಿ ಕಾಂಪೊಸಿಟ್ ಮಾಡುವವರಿಗೆ ಬೇಕು.

‘ಅಣು ಲೇಪನ’ ಎಂದು ಬರೆದು ನಮ್ಮ ಅಟೆಂಡರ್‌ಗೆ ತೋರಿಸಿದೆ. ‘ಅಣು ಅಂದ್ರೆ ಕೈಗಾದಲ್ಲಿ ಇರೋದಲ್ವಾ ಮೇಡಂ? ಮಕ್ಕಳು ಮುಟ್ಟಬಹುದಾ?’ ಎಂದು ಕೇಳಿದರು. ಅವರದು ತಪ್ಪಲ್ಲ. ಪಠ್ಯದಲ್ಲಿ ಅಣು ಅಂದರೆ ಮಾಲಿಕ್ಯೂಲ್. ಪತ್ರಿಕೆಯಲ್ಲಿ ಅಣು ಅಂದರೆ ಬಾಂಬು, ಸ್ಥಾವರ. ‘ಜೈವಿಕ’ ಅಂದರೆ ನಮ್ಮ ಊರಿನವರಿಗೆ ಮಡೆನೂರಿನ ಜೈವಿಕ ಇಂಧನ ಪಾರ್ಕು, ಹೊಂಗೆ ಎಣ್ಣೆ ನೆನಪಾಗುತ್ತದೆ. ಆದರೆ ಇದು ಚಿಪ್ಪಿನಿಂದ ತೆಗೆದದ್ದಲ್ಲ, ಚಿಪ್ಪನ್ನು ನೋಡಿ ಕಲಿತದ್ದು. ‘ಸಂಯುಕ್ತ’ ಎಂಬುದು ರಸಾಯನಶಾಸ್ತ್ರದ ಕಾಂಪೌಂಡ್‌ಗೆ ಆಗಲೇ ಹೋಗಿದೆ.

ಎಲ್ಲಕ್ಕಿಂತ ಮುಖ್ಯ ಕೋಟಿಂಗ್. ಲೇಪನ, ಹೊದಿಕೆ, ಪದರ, ಪೊರೆ, ಯಾವುದು ಸರಿ? ಇಲ್ಲಿ ಯಾರೂ ಬಳಿಯುವುದಿಲ್ಲ, ಹಚ್ಚುವುದಿಲ್ಲ. ಅದ್ದಿ ಬಿಟ್ಟರೆ ತಾನಾಗಿ ಬರುತ್ತದೆ. ಅದು ಪದದಲ್ಲಿ ಕಾಣಬೇಕು ಎಂಬುದು ನನ್ನ ಆಸೆ. ದಯವಿಟ್ಟು ಇವತ್ತು ರಾತ್ರಿಯೊಳಗೆ ಹೇಳಿ.


ಹಾಸನದಿಂದ, 6:55

ಕೋಟಿಂಗ್ ಅಂತಲೇ ಬರೆಯಿರಿ ಮೇಡಂ. ನಾನು ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವನು, ಜೊತೆಗೆ ಸ್ಟಾರ್ಟರ್ ಬೋರ್ಡು ರಿಪೇರಿ. ತಾಮ್ರದ ತಂತಿಯ ಮೇಲೆ ಇರುವುದು ಇನಾಮಲ್. ಸುತ್ತಿ ಮುಗಿದ ಮೇಲೆ ಹಾಕುವುದು ವಾರ್ನಿಷ್. ಬೋರ್ಡಿಗೆ ಹೊಡೆಯುವುದು ಕೋಟಿಂಗ್. ಮೂರೂ ಬೇರೆ ಬೇರೆ. ಮೂರಕ್ಕೂ ಲೇಪನ ಅಂದುಬಿಟ್ಟರೆ ನಮ್ಮ ಹುಡುಗ ಯಾವ ಡಬ್ಬಿ ತರಬೇಕು?


ಚಿಕ್ಕಮಗಳೂರಿನಿಂದ, 7:20

ಪೊರೆ. ಬೇರೆ ಯೋಚನೆ ಬೇಡಮ್ಮಾ.

ಪಾಲು ಹಾಲಾಯಿತು, ಪೂವು ಹೂವಾಯಿತು, ಪೊರೆ ಮಾತ್ರ ಪೊರೆಯಾಗಿಯೇ ಉಳಿಯಿತು. ಸಾವಿರ ವರ್ಷ ಸವೆಯದೆ ಉಳಿದ ಪದ. ಪೊರೆ ಎಂದರೆ ಪದರ, ಪೊರೆ ಎಂದರೆ ಕಾಪಾಡು. ದೇವರ ಮುಂದೆ ನಿಂತು ‘ಪೊರೆಯೋ’ ಎನ್ನುತ್ತೇವಲ್ಲ, ಅದೇ. ಮೇಲೆ ಕೂತು ಒಳಗಿನದನ್ನು ಕಾಯುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಾಣುತ್ತಿಲ್ಲ. ‘ಅಣುಪೊರೆ’ ಎಂದು ಬರೆದು ಅಂಗಡಿಗೆ ಕೊಡು. ನಲವತ್ತು ವರ್ಷ ಕನ್ನಡ ಪಾಠ ಮಾಡಿದವನ ಮಾತು.


ಅರಸೀಕೆರೆಯಿಂದ, 7:45

ಪೊರೆ ಬೇಡ.

ಮೇಷ್ಟ್ರೇ, ಹಾವು ಪೊರೆ ಬಿಡುತ್ತದೆ. ಕಣ್ಣಿಗೆ ಪೊರೆ ಬಂದರೆ ಆಪರೇಷನ್ ಮಾಡಿಸಿ ತೆಗೆಸುತ್ತಾರೆ. ಕಳಚುವುದು, ತೆಗೆಸುವುದು, ಎರಡೇ ಅದರ ಗತಿ. ಟೆಫ್ಲಾನನ್ನೂ ಹಿಡಿದುಕೊಳ್ಳುವ ವಸ್ತುವಿಗೆ ಆ ಹೆಸರು ಇಡುತ್ತೀರಾ? ಜೀವಶಾಸ್ತ್ರದಲ್ಲಿ ಮೆಂಬ್ರೇನ್‌ಗೆ ‘ಜೀವಕೋಶದ ಪೊರೆ’ ಎಂದು ಮಕ್ಕಳು ಓದಿದ್ದಾರೆ. ಕಡಲಜೀವಿಯ ಮಾತು ಬಂದಾಗ ಪೊರೆ ಅಂದರೆ ಆ ಜೀವಿಯ ಮೈಪೊರೆ ಎಂದುಕೊಳ್ಳುತ್ತಾರೆ. ಇನ್ನು ಕಾಪಾಡುವ ಪೊರೆ, ಪದರದ ಪೊರೆ ಎರಡೂ ಒಂದೇ ಬೇರಿನವು ಎನ್ನಲು ಧ್ವನಿಯೊಂದೇ ಸಾಲದು.

ಸರಿಯಾದ ಪದ ಲೇಪ. ಲೇಪನ ಅಲ್ಲ. ಲೇಪನ ಎಂಬುದು ಕೆಲಸ, ಲೇಪ ಎಂಬುದು ವಸ್ತು. ಎಲ್ಲ ಬೋರ್ಡುಗಳಲ್ಲೂ ‘ಲೇಪನಗಳು’ ಎಂದು ಬರೆದು ಬರೆದು ಈ ವ್ಯತ್ಯಾಸವೇ ಅಳಿಸಿಹೋಗಿದೆ. ನನಗೆ ಇದು ನಿಜಕ್ಕೂ ನೋವು ಕೊಡುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ನಾನು ರಸಾಯನಶಾಸ್ತ್ರದ ಲೆಕ್ಚರರ್. ಈ ಡೋಪಾದಲ್ಲಿ ಅಂಟುವ ಭಾಗಕ್ಕೆ ಕ್ಯಾಟೆಕಾಲ್ ಎಂದು ಹೆಸರು. ಆ ಹೆಸರು ಬಂದದ್ದು ಎಲ್ಲಿಂದ? ನಮ್ಮ ಕಾಚಿನಿಂದ! ಕಗ್ಗಲಿ ಮರದ ಚೇಗನ್ನು ಕುದಿಸಿ ಬತ್ತಿಸಿದರೆ ಕಾಚು. ಅದೇ ಯುರೋಪಿಗೆ ಹೋಗಿ ಕ್ಯಾಟೆಚು ಆಯಿತು. 1839ರಲ್ಲಿ ರೈನ್ಶ್ ಎಂಬ ಜರ್ಮನ್ ವಿಜ್ಞಾನಿ ಕಾಚಿನಿಂದ ಪಡೆದ ವಸ್ತುವನ್ನು ಬಟ್ಟಿ ಇಳಿಸಿದಾಗ ಈ ಕ್ಯಾಟೆಕಾಲ್ ಮೊದಲ ಸಲ ಸಿಕ್ಕಿತು. ಎಲೆ ಅಡಿಕೆಯ ತಟ್ಟೆಯಲ್ಲಿದ್ದ ಪದ ಲ್ಯಾಬಿಗೆ ಹೋಗಿ ಕೂತಿದೆ. ಬೋರ್ಡಿನ ಮೇಲೆ ‘ಕಾಚು’ ಬರಲೇಬೇಕು. ‘ಕಾಚುಲೇಪ’ ಎಂದರೆ ಹೇಗೆ?


ಕಡೂರಿನಿಂದ, 8:05

ಲೇಪ ಸಂಸ್ಕೃತ. ಜೀವ ಸಂಸ್ಕೃತ. ಅಣು ಸಂಸ್ಕೃತ. ಹಳ್ಳಿಯ ಮಕ್ಕಳಿಗೆ ಎಂದು ಹೇಳಿ ಹಳ್ಳಿಯಲ್ಲಿ ಯಾರೂ ಆಡದ ಪದ ಕೊಡುತ್ತಿದ್ದೀರಿ.

ಕನ್ನಡದಲ್ಲಿ ಬಳಿ ಇದೆ, ಹಚ್ಚು ಇದೆ, ಮೆತ್ತು ಇದೆ, ಸಾರಿಸು ಇದೆ, ಪೂಸು ಇದೆ. ಐದೂ ನಮ್ಮ ಹೆಂಗಸರು ಬೆಳಗಾದರೆ ಆಡುವ ನುಡಿಗಳು. ಪೂಸು ಇಂದ ‘ಮೇಲ್ಪೂಸು’ ಕಟ್ಟಬಹುದು. ಹೊಸ ಪದ ಬೇಕಾದಾಗ ಮೊದಲು ಸ್ವಂತ ಮನೆಯೊಳಗೆ ಹುಡುಕಬೇಕು. ನೆರೆಮನೆಯ ಬಾಗಿಲು ತಟ್ಟುವುದು ಆಮೇಲೆ.


ಅರಸೀಕೆರೆಯಿಂದ, 8:15

ಯಾರೂ ಪೂಸುತ್ತಿಲ್ಲ ಎಂದು ಮೊದಲ ಪತ್ರದಲ್ಲೇ ಇದೆ. ಓದಿ. ಹೈಸ್ಕೂಲು ಹುಡುಗರಿಗೆ ಪೂಸು ಅಂದರೆ ಪೂಸಿ ಹೊಡೆಯುವುದು ನೆನಪಾಗುತ್ತದೆ.


ಮೂಡಿಗೆರೆಯಿಂದ, 8:30

ಕಡೂರಿನ ಸರ್‌ಗೆ ಒಂದು ಪ್ರಶ್ನೆ. ನಮ್ಮ ಜಿಲ್ಲೆಯ ಬಾಬಾಬುಡನ್ ಗಿರಿಗೆ ಬಂದ ಬೀಜಕ್ಕೆ ಕನ್ನಡದ ಹೆಸರು ಯಾವುದು? ಕಾಫಿ. ಅರಬ್ಬಿಯಿಂದ ಹೊರಟು ಎಷ್ಟೋ ಬಾಯಿ ದಾಟಿ ಬಂದ ಪದ. ತೋಟದಲ್ಲಿ ಹಣ್ಣಿಗೆ ಚೆರಿ ಅನ್ನುತ್ತೇವೆ. ಸಿಪ್ಪೆ ಬಿಡಿಸುವ ಮೆಷಿನ್ ಪಲ್ಪರ್. ಒಣಗಿಸಿದ್ದು ಪಾರ್ಚ್‌ಮೆಂಟ್. ಲೆಕ್ಕ ಬರೆಯುವವರು ರೈಟರ್. ಆಳುಗಳಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಇದನ್ನೇ ಆಡುತ್ತಾರೆ. ಇದರಿಂದ ನಮ್ಮ ಕನ್ನಡಕ್ಕೆ ಏನು ಕಡಿಮೆಯಾಗಿದೆ ಹೇಳಿ. ತಾಮ್ರದ ಪಾತ್ರೆಗೆ ತವರ ಹಿಡಿಸುವುದಕ್ಕೆ ಕಲಾಯಿ ಅನ್ನುತ್ತೇವೆ. ಅದೂ ಅರಬ್ಬಿಯದೇ, ಅಲ್ಲಿ ಅದರ ಅರ್ಥವೇ ತವರ. ಕಲಾಯಿ ಬೇಡ ಎಂದರೆ ಪಾತ್ರೆಯಲ್ಲಿ ಹುಳಿ ಕಿಲುಬುತ್ತದೆ.

ಬೋರ್ಡಿನವರಿಗೆ ಬೇರೆ ಮಾತು. ‘ಪ್ರೇರಿತ’ ತೆಗೆದುಬಿಡಿ. ಎಲೆಕ್ಟ್ರಾನಿಕ್ಸ್ ಎಂದು ಬರೆದು ಪಕ್ಕದಲ್ಲಿ ಪ್ರೇರಿತ ಎಂದರೆ ಹತ್ತನೇ ಕ್ಲಾಸಿನ ಮಕ್ಕಳಿಗೆ ‘ಪ್ರೇರಿತ ವಿದ್ಯುತ್’ ಕಾಣುತ್ತದೆ, ಫ್ಯಾರಡೆ ಕಾಣುತ್ತಾರೆ. ದೊಡ್ಡವರಿಗೆ ‘ರಾಜಕೀಯ ಪ್ರೇರಿತ’ ಕಾಣುತ್ತದೆ. ‘ಕಲಿತ’ ಎಂದು ಬರೆಯಿರಿ. ಚಿಪ್ಪಿನಿಂದ ಕಲಿತದ್ದು ಎಂದು ನೀವೇ ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಪದ ನಿಮ್ಮ ಕೈಯಲ್ಲೇ ಇದೆ.

ಮಸಲ್ ಬಗ್ಗೆ: ನನ್ನ ತವರು ಮಂಗಳೂರು. ಅಲ್ಲಿ ಅದಕ್ಕೆ ಪಚ್ಚಿಲೆ ಅನ್ನುತ್ತಾರೆ. ಕಾರವಾರದ ಕಡೆ ನೀಲಿಕಲ್ಲು. ಮರುವಾಯಿ ಬೇರೆ, ಅದು ಮರಳಿನಲ್ಲಿ ಹುದುಗಿರುತ್ತದೆ. ಮುತ್ತಿನ ಸಿಂಪಿಯೂ ಬೇರೆ. ದಯವಿಟ್ಟು ‘ಸಿಂಪಿ’ ಎಂದು ಮಾತ್ರ ಬರೆಯಬೇಡಿ.


ಕಡೂರಿನಿಂದ, 8:40

ಬಂದದ್ದನ್ನು ಬಳಸುವುದು ಬೇರೆ, ಬೇಕೆಂದು ತರುವುದು ಬೇರೆ. ಕಾಫಿ ಬೀಜದ ಜೊತೆ ಪದ ಬಂತು. ಲೇಪದ ಜೊತೆ ಏನು ಬಂತು? ನಮ್ಮಲ್ಲಿ ಗೋಡೆಗೆ ಸುಣ್ಣ ಬಳಿಯುವಾಗ ಯಾರಾದರೂ ಸುಣ್ಣಲೇಪ ಅಂದರಾ? ಎರವಲು ಪದ ಒಂದು ಬಂದಾಗ ಮನೆಯ ಪದ ಒಂದು ಮೂಲೆಗೆ ಹೋಗುತ್ತದೆ. ಇದು ನನ್ನ ನೋವು.


ಚಿಕ್ಕಮಗಳೂರಿನಿಂದ, 8:50

ಕಾಚು ನಮ್ಮದು ಎಂದು ಅರಸೀಕೆರೆಯವರು ಹೇಳಿದರು. ತಮಿಳಿನಲ್ಲೂ ಕಾಚು ಇದೆ, ಮಲಯ ಭಾಷೆಯಲ್ಲೂ ಇದೆ. ಇಂಗ್ಲಿಷ್ ನಿಘಂಟುಗಳು ಮಲಯದ ಕಡೆಗೂ ಬೊಟ್ಟು ಮಾಡುತ್ತವೆ. ಹಡಗಿನಲ್ಲಿ ಓಡಾಡಿದ ಸರಕಿನ ಹೆಸರಿಗೆ ಒಬ್ಬರೇ ವಾರಸುದಾರರು ಇರುವುದಿಲ್ಲ. ‘ಧ್ವನಿಯೊಂದೇ ಸಾಲದು’ ಎಂದು ನನಗೆ ಹೇಳಿದ ಮಾತು ಕಾಚಿಗೂ ಸಲ್ಲುತ್ತದೆ.


ಅರಸೀಕೆರೆಯಿಂದ, 9:00

ಒಪ್ಪಿದೆ ಮೇಷ್ಟ್ರೇ. ‘ನಮ್ಮದು’ ಎಂದದ್ದು ಜಾಸ್ತಿಯಾಯಿತು. ‘ನಮ್ಮಲ್ಲೂ ಇದ್ದದ್ದು’ ಎನ್ನೋಣ. ಆದರೆ ಕಾಚಿನಿಂದ ಕ್ಯಾಟೆಕಾಲ್ ಎಂಬುದು ಗಟ್ಟಿ. ಅದನ್ನು ಬಿಡುವುದಿಲ್ಲ.


ಹಾಸನದಿಂದ, 9:10

ಎಲ್ಲರಿಗೂ ಧನ್ಯವಾದ. ‘ಕಲಿತ’ ಸಿಕ್ಕಿತು, ಅದಕ್ಕೆ ಮೂಡಿಗೆರೆ ಮೇಡಂಗೆ ದೊಡ್ಡ ನಮಸ್ಕಾರ. ಲೇಪವೋ ಲೇಪನವೋ ಎಂಬ ಗೊಂದಲವೂ ತೀರಿತು. ಆದರೆ ‘ತಾನಾಗಿ’ ಎಂಬುದು ಇನ್ನೂ ಬಂದಿಲ್ಲ. ‘ಸ್ವಯಂ ರೂಪುಗೊಳ್ಳುವ’ ಎಂದು ಬರೆದು ನೋಡಿದೆ. ಬಾಯಿಗೆ ಬರುತ್ತಿಲ್ಲ. ‘ತಾನಾಗಿ ಉಂಟಾಗುವ’ ಎಂದರೆ ಕಾಯಿಲೆಯ ಹಾಗೆ ಕೇಳುತ್ತದೆ.

ಕಾಂಪೊಸಿಟ್‌ಗೂ ಏನೂ ಇಲ್ಲ. ನಾನು ಯೋಚಿಸಿದ್ದು ‘ಬೆರಕೆ ವಸ್ತು’. ಬೆರಕೆ ಅಂದರೆ ಜನ ಕಲಬೆರಕೆ ಎಂದುಕೊಳ್ಳುತ್ತಾರೆ. ದಯವಿಟ್ಟು ಕಾಫಿ ವಿಷಯ ಆಮೇಲೆ ಮಾತಾಡೋಣ.


ಕೊಪ್ಪದಿಂದ, 9:50

ನಾನು ಯಾವತ್ತೂ ಇಲ್ಲಿ ಬರೆದವಳಲ್ಲ, ಓದುತ್ತಿರುತ್ತೇನೆ. ಅಡಿಕೆ ಮನೆಯವಳು. ಮೊದಲ ಪತ್ರ ಓದಿದಾಗಲೇ ನನಗೆ ನಮ್ಮ ಹಂಡೆ ನೆನಪಾಯಿತು. ಹೇಳಲೋ ಬೇಡವೋ ಎಂದು ಊಟ ಮುಗಿಯುವವರೆಗೂ ಯೋಚಿಸಿದೆ.

ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತೇವೆ. ಒಂದೆರಡು ಸಲ ಬೇಯಿಸುವಷ್ಟರಲ್ಲಿ ನೀರು ಕೆಂಪಗಾಗಿ ಗಟ್ಟಿಯಾಗುತ್ತದೆ. ಅದೇ ಚೊಗರು. ಅದನ್ನು ಚೆಲ್ಲುವುದಿಲ್ಲ, ತೆಗೆದಿಡುತ್ತೇವೆ. ಮುಂದಿನ ಅಡಿಕೆಗೆ ಆ ಚೊಗರು ಹಾಕಿದರೆ ಮೇಲೆ ಬಣ್ಣ ಕೂರುತ್ತದೆ. ಒಣಗಿದ ಮೇಲೆ ಕೆಂಪಗೆ ಹೊಳೆಯುತ್ತದೆ. ಬಣ್ಣ ಸರಿಯಾಗಿ ಕೂತಿಲ್ಲ ಅಂದರೆ ಮಂಡಿಯಲ್ಲಿ ರೇಟು ಕಡಿಮೆ. ಯಾರೂ ಒಂದೊಂದು ಅಡಿಕೆಗೆ ಬಳಿಯುತ್ತಾ ಕೂರುವುದಿಲ್ಲ. ಅದ್ದಿದರೆ ಸಾಕು, ಅದೇ ಹಿಡಿದುಕೊಳ್ಳುತ್ತದೆ.

ಅಡಿಕೆಗೆ ಮಾತ್ರ ಅಲ್ಲ. ಹಂಡೆಯ ಒಳಗೆ ಚೊಗರು ಕಟ್ಟುತ್ತದೆ. ಸೌಟಿಗೆ ಕಟ್ಟುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೂ ಕಟ್ಟುತ್ತದೆ. ಸುಲಿಯುವವರ ಕೈಗೆ ಕರೆ ಕಟ್ಟಿದರೆ ಸುಗ್ಗಿ ಮುಗಿದು ಎಷ್ಟೋ ದಿನದವರೆಗೆ ಹೋಗುವುದಿಲ್ಲ. ಏನನ್ನೇ ಇಟ್ಟರೂ ಅದರ ಮೇಲೆ ಬರುತ್ತದೆ ಅಂತ ನೀವು ಬರೆದಿದ್ದೀರಲ್ಲ, ನಮ್ಮ ಚೊಗರೂ ಹಾಗೇ.

ಅದಕ್ಕೆ ನಾವು ‘ಕಟ್ಟುತ್ತದೆ’ ಅನ್ನುತ್ತೇವೆ. ಬೇರೆ ಪದ ಗೊತ್ತಿಲ್ಲ.

ಕಾಂಪೊಸಿಟ್ ಅಂದರೆ ಕಾರ್ಬನ್ ನಾರು ರಾಳ ಸೇರಿಸಿದ್ದು ತಾನೆ? ನಮ್ಮ ಮನೆಯಲ್ಲಿ ಅದರದೇ ದೋಟಿ ಇದೆ. ಅದರಲ್ಲೇ ಈಗ ನೆಲದ ಮೇಲೆ ನಿಂತು ಅಡಿಕೆ ಕೊನೆ ತೆಗೆಯುತ್ತಾರೆ, ಬೋರ್ಡೋ ಔಷಧಿ ಹೊಡೆಯುತ್ತಾರೆ. ಇಲ್ಲಿ ಎಲ್ಲರೂ ಫೈಬರ್ ದೋಟಿ ಅನ್ನುತ್ತಾರೆ. ಕರೆಂಟಿನ ತಂತಿಗೆ ತಾಗಿಸಬಾರದು ಅಂತ ಮೊದಲೇ ಹೇಳಿಕೊಡುತ್ತಾರೆ, ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದಂತೆ.


ಅರಸೀಕೆರೆಯಿಂದ, 10:15

ಅಕ್ಕಾ, ನೀವು ಮೊದಲೇ ಬರೆಯಬೇಕಿತ್ತು.

ಇದು ಸುಮ್ನೆ ಹೋಲಿಕೆ ಅಲ್ಲ, ಒಳಗಿನ ಕೆಲಸವೂ ಬಹುಮಟ್ಟಿಗೆ ಒಂದೇ. ಚೊಗರಿನಲ್ಲಿರುವುದು ಒಗರು ಕೊಡುವ ಟ್ಯಾನಿನ್. ಅಡಿಕೆಯ ಟ್ಯಾನಿನ್ನಿನಲ್ಲೂ ಕ್ಯಾಟೆಕಾಲ್ ಗುಂಪು ಇದೆ, ಚಿಪ್ಪಿನ ಅಂಟಿನಲ್ಲಿ ಇರುವಂಥದ್ದೇ. ಗಾಳಿಯ ಆಮ್ಲಜನಕ ತಾಗಿದಾಗ ಅದು ಬದಲಾಗಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕಂದಾಗುತ್ತದೆ. ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದೂ ಇದೇ ಜಾತಿಯ ಕೆಲಸ. ನೀರು ಕ್ಷಾರವಾಗಿದ್ದರೆ ಇದು ಬೇಗ ಆಗುತ್ತದೆ. ಪಿಎಚ್ 8.5 ಯಾಕೆ ಎಂದು ಮಕ್ಕಳು ಕೇಳಿದರೆ ಎಲೆ ಅಡಿಕೆ ತೋರಿಸಿ. ಕಾಚಿನ ಜೊತೆ ಸುಣ್ಣ ಇಡುತ್ತಾರಲ್ಲ, ಸುಣ್ಣವೇ ಕ್ಷಾರ. ಎಲೆ ಅಡಿಕೆ ಹಾಕುವ ಅಜ್ಜಿಯ ಹಲ್ಲಿನ ಮೇಲೆ ಕಟ್ಟಿದ ಕರೆ ಬ್ರಷ್ಷಿಗೆ ಹೋಗುತ್ತದಾ? ಹೋಗುವುದಿಲ್ಲ.

2013ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದವರು ಟ್ಯಾನಿಕ್ ಆಮ್ಲಕ್ಕೆ ಕಬ್ಬಿಣದ ಲವಣ ಬೆರೆಸಿ ಸ್ವಲ್ಪ ಹೊತ್ತಿನಲ್ಲೇ ಇಂಥ ತೆಳು ಪದರ ಬರಿಸಿದರು. ಟ್ಯಾನಿನ್ನಿಗೆ ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಎಂಬುದು ಅಳಲೆಕಾಯಿ ಮಸಿ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಗೊತ್ತಿತ್ತು. ಅಕ್ಕನ ಹಂಡೆ, ಅಜ್ಜಿಯ ಹಲ್ಲು, ಅಜ್ಜನ ಮಸಿ ಕುಡಿಕೆ. ಮೂರರಲ್ಲೂ ಕೆಲಸ ಮಾಡುವುದು ಟ್ಯಾನಿನ್ನೇ.

ಹಾಗಾಗಿ ‘ಕಾಚುಲೇಪ’ ವಾಪಸ್ ತೆಗೆದುಕೊಳ್ಳುತ್ತೇನೆ. ಅದು ನನ್ನ ಹಟ. ಡೋಪಮೈನಿನಲ್ಲಿ ಕಾಚು ಇಲ್ಲ.

ಅಣು ಪದವನ್ನೂ ಬಿಡಬಹುದು. ಚಿನ್ನದ ಮೇಲೆ ತುದಿಯಲ್ಲಿ ಗಂಧಕ ಇರುವ ಅಣುಗಳನ್ನು ಸಾಲಾಗಿ ನಿಲ್ಲಿಸುವ ಲೇಪ ಇದೆ, ಒಂದೇ ಅಣುವಿನಷ್ಟು ದಪ್ಪ, 1ರಿಂದ 3 ನ್ಯಾನೋಮೀಟರ್. ಅದನ್ನು ಅಣುಲೇಪ ಎಂದರೆ ಅರ್ಥ ಇದೆ. ನಿಮ್ಮದು 50 ನ್ಯಾನೋಮೀಟರ್, ಅಣುಗಳು ಒಂದರ ಮೇಲೊಂದು ಕೂತದ್ದು. ಅಣುವಿನ ಬದಲು ದಪ್ಪವನ್ನೇ ಹೇಳಿ. ಬೋರ್ಡಿಗೆ ಹೊಡೆಯುವ ಅಕ್ರಿಲಿಕ್ ಕೋಟಿಂಗ್ ಸಾಮಾನ್ಯವಾಗಿ 25ರಿಂದ 75 ಮೈಕ್ರಾನ್ ಇರುತ್ತದೆ, ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್. ಇದು ಅದರ 500ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲ.


ಚಿಕ್ಕಮಗಳೂರಿನಿಂದ, 10:40

ಕೊಪ್ಪದ ತಾಯಿ ಹೇಳಿದ ಮೇಲೆ ನಾನು ಕಿಟ್ಟೆಲ್ ನಿಘಂಟು ಮುಚ್ಚಿಟ್ಟೆ.

ನಾವೆಲ್ಲ ನಾಮಪದ ಹುಡುಕುತ್ತಿದ್ದೆವು. ಬೇಕಾಗಿದ್ದದ್ದು ಕ್ರಿಯಾಪದ. ಮನೆ ಕಟ್ಟು ಎನ್ನುವಾಗ ಸಕರ್ಮಕ, ಕಟ್ಟುವವನೊಬ್ಬ ಬೇಕು. ಕೆನೆ ಕಟ್ಟಿತು, ಪಾಚಿ ಕಟ್ಟಿತು, ಮೋಡ ಕಟ್ಟಿತು, ಜಿಡ್ಡು ಕಟ್ಟಿತು, ಹರಳುಗಟ್ಟಿತು, ಹೆಪ್ಪುಗಟ್ಟಿತು ಎನ್ನುವಾಗ ಅಕರ್ಮಕ. ಕಟ್ಟುವವನು ಇಲ್ಲ. ಆ ವಸ್ತುವೇ ಕರ್ತೃ. ‘ತಾನಾಗಿ’ ಎಂಬ ಅರ್ಥ ಧಾತುವಿನ ಒಳಗೇ ಇದೆ. ಸ್ವಯಂ, ತಾನಾಗಿ, ಯಾವುದನ್ನೂ ಹೊರಗಿನಿಂದ ಸೇರಿಸಬೇಕಾಗಿಲ್ಲ. ಬಳಿ, ಹಚ್ಚು, ಮೆತ್ತು, ಪೂಸು ಎಲ್ಲದಕ್ಕೂ ಕೈ ಬೇಕು. ಕಟ್ಟುವುದಕ್ಕೆ ಕೈ ಬೇಡ, ಹೊತ್ತು ಬೇಕು. 24 ಗಂಟೆ ಬಿಡಬೇಕು ಎಂದು ಹಾಸನದ ಹುಡುಗಿ ಬರೆದದ್ದಕ್ಕೂ ಇದು ಸರಿಹೋಗುತ್ತದೆ.

ಪೊರೆಯನ್ನು ನಾನು ಬಿಟ್ಟಿಲ್ಲ. ಅದು ಒಳ್ಳೆಯ ಪದವೇ. ಆದರೆ ‘ಪೊರೆ ಕಟ್ಟಿತು’ ಎಂದರೆ ಕಣ್ಣಿಗೇ ಹೋಗುತ್ತದೆ, ಅದು ನಿಜ.


ಕಡೂರಿನಿಂದ, 10:50

ಕಟ್ಟು ಸರಿ. ಅಚ್ಚಗನ್ನಡ. ನಾನು ಸಂಜೆಯಿಂದ ಹೇಳುತ್ತಿರುವುದು ಇದನ್ನೇ, ಪದ ಮನೆಯೊಳಗೇ ಇರುತ್ತದೆ ಎಂದು. ಹಾಗಾದರೆ ಲೇಪವನ್ನೂ ತೆಗೆಯಿರಿ. ‘ಕಟ್ಟುಪದರ’ ಎನ್ನಿ.


ಮೂಡಿಗೆರೆಯಿಂದ, 10:55

ಪದರ ಮರಾಠಿಯಲ್ಲೂ ಇದೆ ಸರ್. ಅದನ್ನೂ ತೆಗೆಯೋಣವಾ? ‘ಕಟ್ಟು’ ಎಂದು ಹೆಸರಾಗಿ ಬರೆದರೆ ಹೋಳಿಗೆ ಮಾಡಿದ ದಿನದ ಕಟ್ಟಿನ ಸಾರು ನೆನಪಾಗುತ್ತದೆ. ಹೆಸರಿಗೆ ಲೇಪ ಇರಲಿ, ಕ್ರಿಯೆಗೆ ಕಟ್ಟು ಇರಲಿ. ಲೇಪ ಅಂದರೆ ಗಂಧ ತೇಯ್ದವರಿಗೆ ಗೊತ್ತು, ಕಾಲಿಗೆ ಪಟ್ಟು ಹಾಕಿಸಿಕೊಂಡವರಿಗೆ ಗೊತ್ತು. ತುಂಬ ದಿನದಿಂದ ನಮ್ಮಲ್ಲೇ ಇರುವ ನೆಂಟ ಅದು. ಈಗ ಹೊರಗೆ ಕಳಿಸುವುದು ನ್ಯಾಯವಲ್ಲ.


ಕಡೂರಿನಿಂದ, 11:00

ಎಷ್ಟು ದಿನ ಇದ್ದರೂ ನೆಂಟ ನೆಂಟನೇ.


ಹಾಸನದಿಂದ, 11:10

ರಿವೈಂಡಿಂಗ್‌ನವನು ಮತ್ತೆ ಬಂದೆ. ‘ಕಟ್ಟುತ್ತದೆ’ ನಮಗೂ ಗೊತ್ತಿರುವ ಮಾತು. ಬೋರ್‌ವೆಲ್ ಗಡಸು ನೀರಿನಲ್ಲಿ ಪಂಪು ಓಡಿದರೆ ಇಂಪೆಲ್ಲರ್‌ಗೆ ಉಪ್ಪು ಕಟ್ಟುತ್ತದೆ. ಟರ್ಮಿನಲ್‌ಗೆ ಹಸಿರು ಕಿಲುಬು ಕಟ್ಟುತ್ತದೆ. ಆದರೆ ಇವೆಲ್ಲ ಹಾಳು ಮಾಡುವ ಕಟ್ಟು. ಒಳ್ಳೆಯದಕ್ಕೂ ಅದೇ ಪದ ಬಳಸಿದರೆ ತಪ್ಪು ತಿಳಿಯುವುದಿಲ್ಲವಾ?


ಕೊಪ್ಪದಿಂದ, 11:20

ಹಾಲಿಗೆ ಕೆನೆ ಕಟ್ಟಿದರೆ ಬೇಡ ಅನ್ನುತ್ತೀರಾ ಅಣ್ಣಾ?


ಹಾಸನದಿಂದ, 11:25

ಸರಿ ಅಕ್ಕ. ಒಪ್ಪಿದೆ.


ಹಾಸನದಿಂದ, ಬುಧವಾರ ಬೆಳಿಗ್ಗೆ 8:30

ರಾತ್ರಿ ಎಲ್ಲವನ್ನೂ ಎರಡು ಸಲ ಓದಿದೆ. ಬೋರ್ಡು ಹೀಗೆ ಹೋಗುತ್ತಿದೆ. ತಪ್ಪಿದ್ದರೆ 10 ಗಂಟೆಯೊಳಗೆ ಹೇಳಿ.

ದೊಡ್ಡ ಅಕ್ಷರದಲ್ಲಿ: ‘ಕಡಲ ಚಿಪ್ಪಿನಿಂದ ಕಲಿತ ಲೇಪ’.

ಅದರ ಕೆಳಗೆ: ‘ಬಳಿಯುವುದು ಬೇಡ. ಅದ್ದಿಟ್ಟರೆ ಕಟ್ಟುತ್ತದೆ.’

ಆಮೇಲೆ ಸಣ್ಣ ಅಕ್ಷರದಲ್ಲಿ: ‘ಕಡಲ ಬಂಡೆಗೆ ಅಂಟಿಕೊಂಡು ಬದುಕುವ ಪಚ್ಚಿಲೆಯ ಅಂಟು ನೀರಿನೊಳಗೂ ಬಿಡುವುದಿಲ್ಲ. ಆ ಅಂಟಿನ ಗುಟ್ಟು ನೋಡಿ ವಿಜ್ಞಾನಿಗಳು ಈ ಲೇಪ ಮಾಡಿದರು. ಡೋಪಮೈನ್ ಕರಗಿಸಿದ ನೀರಿನಲ್ಲಿ ವಸ್ತುವನ್ನು ಅದ್ದಿ ಒಂದು ದಿನ ಬಿಟ್ಟರೆ ಮೇಲೆ ಕಂದು ಲೇಪ ಕಟ್ಟುತ್ತದೆ. ದಪ್ಪ ಸುಮಾರು 50 ನ್ಯಾನೋಮೀಟರ್, ತಲೆಗೂದಲಿನ ದಪ್ಪದಲ್ಲಿ ಸುಮಾರು ಸಾವಿರದ ಒಂದು ಪಾಲು. ಈ ಲೇಪದ ಮೇಲೆ ಬೆಳ್ಳಿ, ತಾಮ್ರ ಕೂರಿಸಿ ಎಲೆಕ್ಟ್ರಾನಿಕ್ಸ್‌ನಲ್ಲಿ ಬಳಸಬಹುದು. ಕಾರ್ಬನ್ ನಾರಿಗೆ ಈ ಲೇಪ ಕಟ್ಟಿಸಿದರೆ ನಾರು ಮತ್ತು ರಾಳ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಫೈಬರ್ ದೋಟಿ ಅಂಥ ನಾರು, ರಾಳ ಸೇರಿದ ಕಾಂಪೊಸಿಟ್ ವಸ್ತು. ಅಡಿಕೆಗೆ ಚೊಗರಿನ ಬಣ್ಣ ಕೂರುವುದು, ಎಲೆ ಅಡಿಕೆ ಹಾಕುವವರ ಹಲ್ಲಿಗೆ ಕರೆ ಕಟ್ಟುವುದು ಇದೇ ಜಾತಿಯ ಕೆಲಸ.’

ಕಾಂಪೊಸಿಟ್ ಹಾಗೇ ಬಿಟ್ಟಿದ್ದೇನೆ. ದೋಟಿ ಪಕ್ಕದಲ್ಲಿರುವಾಗ ಅದಕ್ಕೆ ಬೇರೆ ಹೆಸರು ಬೇಕು ಎನಿಸಲಿಲ್ಲ. ಕಾಚಿನಿಂದ ಕ್ಯಾಟೆಕಾಲ್ ಬಂದ ಕಥೆಯನ್ನು ಕೆಳಗೆ ಒಂದು ಚೌಕದಲ್ಲಿ ಹಾಕಿದ್ದೇನೆ, 1839 ಇಸವಿ ಸಮೇತ.


ಅರಸೀಕೆರೆಯಿಂದ, 8:50

ಚೆನ್ನಾಗಿದೆ. ‘ಲೇಪ ಕಟ್ಟಿಸಿದರೆ’ ಎಂದದ್ದು ತುಂಬ ಇಷ್ಟವಾಯಿತು. ಅಕರ್ಮಕಕ್ಕೆ ‘ಇಸು’ ಪ್ರತ್ಯಯ ಸೇರಿ ಕೆಲಸಗಾರ ವಾಪಸ್ ಬಂದ.


ಚಿಕ್ಕಮಗಳೂರಿನಿಂದ, 9:05

‘ಪಾಲು’ ಎರಡು ಅರ್ಥ ಕೊಡುವ ಹಾಗಿದೆ. ‘ಸುಮಾರು ಸಾವಿರದಲ್ಲಿ ಒಂದು ಪಾಲು’ ಎಂದು ಮಾಡು. ಉಳಿದದ್ದು ಸರಿ.


ಕಡೂರಿನಿಂದ, 9:15

ಲೇಪ ಉಳಿಸಿದಿರಿ. ಒಪ್ಪುವುದಿಲ್ಲ. ಶನಿವಾರ ಬಂದು ಬೋರ್ಡು ನೋಡುತ್ತೇನೆ, ಅಲ್ಲೇ ಮಾತಾಡೋಣ.


ಕೊಪ್ಪದಿಂದ, 9:30

ಒಂದು ಬಾಟಲಿ ಚೊಗರು ಬಸ್ಸಿನಲ್ಲಿ ಕಳಿಸಲಾ? ಹೋದ ಸುಗ್ಗಿಯದು ಇದೆ, ಗಟ್ಟಿಯಾಗಿದೆ.


ಹಾಸನದಿಂದ, 9:35

ಕಳಿಸಿ ಅಕ್ಕ. ಗಾಜಿನ ತುಂಡು, ಹಳೆಯ ಸರ್ಕ್ಯೂಟ್ ಬೋರ್ಡು, ಬಿಳಿ ಪ್ಲಾಸ್ಟಿಕ್ ಚಮಚ ಇಟ್ಟಿದ್ದೇನೆ. ಶುಕ್ರವಾರ ಬೆಳಿಗ್ಗೆಯೇ ಅದ್ದಿಡುತ್ತೇನೆ, ಶನಿವಾರದ ಹೊತ್ತಿಗೆ ಕಟ್ಟಿರುತ್ತದೆ.